ಮನೂಕ ಶೆಡ್ಡಿನಲ್ಲಿ ಒಂದು ಓದು

ಮೊನ್ನೆ ಬ್ಯಾಂಕಿನ ಕೆಲಸಕ್ಕೆಂದು ತಿಕೋಟಾಕ್ಕೆ ಹೋಗಬೇಕಾಯಿತು. ಬಸ್ಸಿನಿಂದ ಇಳಿದು ಇನ್ನೂ ಸೆರಗು ಸರಿಮಾಡಿಕೊಂಡಿರಲಿಲ್ಲ, ಗಂಧಕದ ಹೊಗೆ ಮೂಗಿಗೆ ಬಡಿಯಿತು. ಎಲ್ಲೋ ಹತ್ತಿರದ ಶೆಡ್ಡಿನಲ್ಲಿ ಮನೂಕಕ್ಕೆ ಹೊಗೆ ಕೊಡುತ್ತಿದ್ದರು. ಒಣದ್ರಾಕ್ಷಿಗೆ ನಮ್ಮ ಕಡೆ ಮನೂಕ ಅನ್ನುತ್ತೇವೆ. ಅದಕ್ಕೆ ಒಳ್ಳೆಯ ಬಣ್ಣ ಬರಲಿ ಎಂದು ಗಂಧಕ ಸುಡುತ್ತಾರೆ. ಕಣ್ಣು ಉರಿಯುತ್ತದೆ, ಗಂಟಲು ಕೆರೆಯುತ್ತದೆ. ನನ್ನ ಜೊತೆ ಇಳಿದವರೆಲ್ಲ ಮೂಗಿಗೆ ಕರವಸ್ತ್ರ ಹಿಡಿದು ಬೇಗ ಬೇಗ ನಡೆದರು. ನಾನು ಅಲ್ಲೇ ನಿಂತೆ. ನಮ್ಮವರಿಗೆ ಓದು ಹೋದ ಆ ವರ್ಷ ನೆನಪಾಯಿತು. ಓದು ಹೋಯಿತು ಎಂದರೆ ಏನು ಅಂತ ಮುಂದೆ ಹೇಳುತ್ತೇನೆ, ಅದು ಒಂದು ಮಾತಿನಲ್ಲಿ ತಿಳಿಯುವಂಥದಲ್ಲ.

ನಮ್ಮವರು ವಿಜಯಪುರದ ಒಂದು ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿ ನಿವೃತ್ತರಾದವರು. ನಾನು ಆಗ ತಿಕೋಟಾದ ಬ್ಯಾಂಕಿನಲ್ಲಿದ್ದೆ. ದಿನಾ ಬೆಳಿಗ್ಗೆ ರೊಟ್ಟಿ ಬಡಿದು, ಡಬ್ಬಿ ಕಟ್ಟಿಕೊಂಡು, ಬಸ್ಸಿನಲ್ಲಿ ನಿಂತು ಹೋಗುವುದು, ಸಂಜೆ ಬಸ್ಸಿನಲ್ಲಿ ನಿಂತು ಬರುವುದು. ನಮ್ಮ ಮನೆಯಲ್ಲಿ ಪುಸ್ತಕಕ್ಕೆ ಇದ್ದಷ್ಟು ಜಾಗ ಪಾತ್ರೆಗಳಿಗೆ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ನಮ್ಮ ತವರಿನವರು ಬಂದು ನೋಡಿ, "ಏನವ್ವಾ, ಗಂಡನ ಮನಿಗೆ ಬಂದೀಯೋ ಲೈಬ್ರರಿಗೆ ಬಂದೀಯೋ?" ಎಂದು ನಕ್ಕಿದ್ದರು. ನಾನೂ ನಕ್ಕಿದ್ದೆ. ಆಮೇಲೆ ಧೂಳು ಜಾಡಿಸುವ ಕೆಲಸ ನನ್ನ ಪಾಲಿಗೆ ಬಂತು, ನಗು ಕಡಿಮೆಯಾಯಿತು.

ನಮ್ಮವರಿಗೆ ಒಂದು ಭಾನುವಾರದ ಬೈಠಕ್ ಇತ್ತು. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಚನ್ನಬಸಪ್ಪನ ಮನೂಕದ ಗೋಡೌನು. ಭಾನುವಾರ ಪೇಟೆ ತಣ್ಣಗಿರುವಾಗ ಪೆಟ್ಟಿಗೆಗಳ ನಡುವೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅಲ್ಲಿ ಮಾತು ಶುರುವಾಗುವುದು ಒಂದೇ ಪ್ರಶ್ನೆಯಿಂದ. "ಸದ್ಯದ್ದು ಏನು?" ಅಂದರೆ, ಈಗ ಯಾವ ಪುಸ್ತಕದ ನಡುವೆ ಇದ್ದೀರಿ? ಹೋದ ವರ್ಷ ಓದಿದ್ದು, ಕಾಲೇಜಿನಲ್ಲಿ ಓದಿದ್ದು ನಡೆಯುತ್ತಿರಲಿಲ್ಲ. "ಓದಿದ್ದು ತಂಗಳಾ, ಓದಾಕತ್ತಿದ್ದು ಬಿಸಿ," ಎನ್ನುತ್ತಿದ್ದರು ನಮ್ಮವರು. ಎಲ್ಲಿಗೆ ಓದಿದ್ದೀರೋ ಅಲ್ಲಿಯ ತನಕ ಹೇಳಬೇಕು, ಅಲ್ಲಿಗೇ ನಿಲ್ಲಿಸಬೇಕು. ಕೈಯಲ್ಲಿ ಪುಸ್ತಕ ಇಲ್ಲದವರು ಆ ದಿನ ಎಲ್ಲರಿಗೂ ಚಹಾ ಹಾಕಬೇಕು. ಈ ನಿಯಮ ಮಾಡಿದವರೂ ನಮ್ಮವರೇ. ಮಾಡಿದವರು ಒಮ್ಮೆಯೂ ಚಹಾ ಹಾಕಿದ್ದು ನಾನು ನೋಡಲಿಲ್ಲ. ಬ್ಯಾಂಕು, ಬಸ್ಸು, ಒಲೆ ಇವುಗಳ ನಡುವೆ ನನಗೆ ಪುಸ್ತಕವೆಲ್ಲಿಂದ ಬರಬೇಕು? ಕೆಟಲ್ ಹಿಡಿಯುವ ಕೈ ನನ್ನದೇ ಆಗಿಹೋಯಿತು.

ಬೈಠಕ್ಕಿಗೆ ಖಾಯಂ ಬರುವವರು ನಾವಿಬ್ಬರನ್ನು ಬಿಟ್ಟರೆ ಇನ್ನಿಬ್ಬರು. ಚನ್ನಬಸಪ್ಪ ತಿಕೋಟಾದವನು, ಸ್ವಂತ ದ್ರಾಕ್ಷಿ ತೋಟ, ಸ್ವಂತ ಶೆಡ್ಡು, ವಿಜಯಪುರದಲ್ಲಿ ವ್ಯಾಪಾರ. ನಮ್ಮವರಿಗಿಂತ ಹತ್ತು ವರ್ಷ ಚಿಕ್ಕವನು, ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಾನೆ. ಅವನು ಓದುವುದು ಸಮುದ್ರಯಾನದ ಪುಸ್ತಕಗಳನ್ನು ಮಾತ್ರ. ಜೀವಮಾನದಲ್ಲಿ ಒಂದೇ ಸಲ, ಗೋವಾದಲ್ಲಿ, ಸಮುದ್ರ ನೋಡಿದವನು. ಯಾಕಪ್ಪಾ ಬರೀ ಹಡಗಿನ ಕಥೆ ಓದುತ್ತೀ ಎಂದರೆ, "ನಮ್ಮೂರಾಗ ಇಲ್ಲದ್ದನ್ನ ಓದಬೇಕ್ರಿ ವೈನಿ, ಇದ್ದದ್ದನ್ನ ದಿನಾ ನೋಡತೀನಲ್ಲ," ಎನ್ನುತ್ತಿದ್ದ. ಇನ್ನೊಬ್ಬಳು ಅಶ್ವಿನಿ, ಹಲ್ಲಿನ ಡಾಕ್ಟರು. ಸ್ಟೇಷನ್ ರಸ್ತೆಯ ಹತ್ತಿರ ಮನೆ, ಬಬಲೇಶ್ವರದಲ್ಲಿ ಕ್ಲಿನಿಕ್ಕು. ಹಲ್ಲು ಕೊರೆಯುವ ಯಂತ್ರದ ಸದ್ದಿಗೆ ಜನ ಹೆದರಬಾರದೆಂದು ಅವಳು ಕ್ಲಿನಿಕ್ಕಿನಲ್ಲಿ ಜಾಝ್ ಸಂಗೀತ ಹಚ್ಚುತ್ತಿದ್ದಳು. ಒಬ್ಬ ಮುದುಕ ಬಾಯಿ ತೆರೆದುಕೊಂಡೇ, "ಡಾಕ್ಟರವ್ವಾ, ಆ ಹಾಡು ಬಂದ್ ಮಾಡು, ಯಂತ್ರದ ಸಪ್ಪಳನ ಚಲೋ ಐತಿ," ಎಂದನಂತೆ. ಅದನ್ನು ಅವಳೇ ಹೇಳಿ ನಗುತ್ತಿದ್ದಳು.

ಆ ವರ್ಷ ಸಂಕ್ರಾಂತಿಗೆ ಮೊದಲು ನಮ್ಮವರಿಗೆ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತು. ಬೇಗ ಆಸ್ಪತ್ರೆಗೆ ಸೇರಿಸಿದೆವು, ಜೀವಕ್ಕೆ ಏನೂ ಆಗಲಿಲ್ಲ. ಬಲಗೈ ಸ್ವಲ್ಪ ಸೋತಿತು, ಅಷ್ಟೆ. ಮಾತು ಸ್ವಚ್ಛ. ಮನೆಗೆ ಬಂದ ಮೇಲೆ ನನಗೆ ನೆಮ್ಮದಿ. ನಾಲ್ಕು ದಿನ ಕಳೆದಿರಬೇಕು, ಹಾಲಿನವನಿಗೆ ಒಂದು ಚೀಟಿ ಬರೆದಿಡಿ ಎಂದೆ. ಬರೆದರು. ಕೈ ನಡುಗಿ ಅಕ್ಷರ ಕೋಳಿ ಕೆದರಿದಂತಿತ್ತು. ಏನು ಬರೆದಿರಿ, ಓದಿ ಎಂದೆ. ಚೀಟಿಯನ್ನು ಬಹಳ ಹೊತ್ತು ನೋಡಿದರು. ದೂರ ಹಿಡಿದರು, ಹತ್ತಿರ ಹಿಡಿದರು.

"ನೀನ ಓದು," ಎಂದರು.

"ನೀವ ಬರದದ್ದಲ್ರೀ."

"ಬರದದ್ದು ನಾನ. ಅದು ಏನಂತ ನನಗ ತಿಳೀವಲ್ದು."

ಅಕ್ಷರ ಕಾಣುತ್ತಿದ್ದವು, ಆದರೆ ಓದಲು ಬರುತ್ತಿರಲಿಲ್ಲ. ಬರೆಯುವುದು ಉಳಿದಿತ್ತು, ಓದುವುದು ಹೋಗಿತ್ತು. ತಿರುಗಿ ಆಸ್ಪತ್ರೆಗೆ ಹೋದಾಗ, ಹೀಗೂ ಆಗುತ್ತದೆ ಎಂದರು ಡಾಕ್ಟರು. ಸ್ವಲ್ಪ ಸ್ವಲ್ಪ ತಿರುಗಿ ಬರಬಹುದು, ಬಾರದೆಯೂ ಇರಬಹುದು. ಹಣೆಬರಹ ಓದಿದವರಂತೆ ಹೇಳದೆ, ಇದ್ದದ್ದನ್ನು ಇದ್ದಂತೆ ಹೇಳಿದರು. ಇವತ್ತಿಗೂ ಪೂರ್ತಿ ಬಂದಿಲ್ಲ. ಅಂಗಡಿಯ ಬೋರ್ಡಿನ ಮೇಲಿನ ಒಂದೊಂದು ಅಕ್ಷರವನ್ನು ಗಾಳಿಯಲ್ಲಿ ಬೆರಳಿನಿಂದ ತಿದ್ದಿ, ಇದು ಇಂಥದ್ದು ಎಂದು ಹೇಳುತ್ತಾರೆ. ಒಂದು ಬೋರ್ಡು ಮುಗಿಯುವಷ್ಟರಲ್ಲಿ ಆಟೋದವರು ಹಾರ್ನ್ ಹೊಡೆದು ಸುಸ್ತಾಗಿರುತ್ತಾರೆ.

ಆ ದಿನ ಆಸ್ಪತ್ರೆಯಿಂದ ಬರುವಾಗ ಆಟೋದಲ್ಲಿ ನನ್ನ ಕೈ ಹಿಡಿದು, "ಯಾರಿಗೂ ಹೇಳಬ್ಯಾಡ," ಎಂದರು. "ಚನ್ನಬಸೂಗೂ ಬ್ಯಾಡ. ಕೈ ಸೋತೈತಿ ಅಂತ ಹೇಳು, ಅಷ್ಟ ಸಾಕು."

"ಎಷ್ಟ ದಿನಾ ಮುಚ್ಚಿಡೂದ್ರಿ?"

"ಬಂದರೂ ಬರಬಹುದು ಅಂದಾರಲ್ಲ. ಬರೂ ತನಕ."

"ಗೆಳ್ಯಾರ ಮುಂದ ಎಂಥಾ ನಾಚಿಕಿ?"

ಅವರು ಹೊರಗೆ ನೋಡಿದರು. "ಕೈ ಇಲ್ಲದಿದ್ರ ನಾ ಕೈ ಇಲ್ಲದಾವ ಆಗ್ತೀನಿ. ಓದು ಇಲ್ಲದಿದ್ರ ಅಲ್ಲಿ ನಾ ಯಾರು?" ಎಂದರು. ಆ ಇಡೀ ದ್ರಾಕ್ಷಿ ಸೀಸನ್ನು ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ. ಆ ನಾಲ್ಕು ಕುರ್ಚಿಗಳ ನಡುವೆ ಈ ಮನುಷ್ಯ ಓದುವವನಾಗಿ ಉಳಿಯಬೇಕು. ಉಳಿಸುವ ಭಾರ ನನ್ನ ಮೇಲೆ ಬಂತು.

ಸೀಸನ್ನು ಶುರುವಾದರೆ ಚನ್ನಬಸಪ್ಪ ಶೆಡ್ಡು ಬಿಟ್ಟು ವಿಜಯಪುರಕ್ಕೆ ಬರಲಾರ. ಫೆಬ್ರುವರಿಯಿಂದ ಬೇಸಿಗೆಯ ತನಕ ಕಡಿದ ದ್ರಾಕ್ಷಿಯನ್ನು ಔಷಧಿ ನೀರಿನಲ್ಲಿ ಅದ್ದಿ, ಹಸಿರು ಬಲೆಯ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಹರಡಿ ಒಣಗಿಸುತ್ತಾರೆ. ಅದಕ್ಕೇ ಆ ತಿಂಗಳುಗಳಲ್ಲಿ ಬೈಠಕ್ ತಿಕೋಟಾದ ಶೆಡ್ಡಿಗೇ ಹೋಗುತ್ತಿತ್ತು. ಅಶ್ವಿನಿ ತನ್ನ ಕಾರಿನಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಬರುವಳು, ಮಧ್ಯಾಹ್ನದ ಮೇಲೆ ನಮ್ಮನ್ನು ಬಸ್ಸಿಗೆ ಬಿಟ್ಟು ಬಬಲೇಶ್ವರಕ್ಕೆ ಹೋಗುವಳು. ವಾರವೆಲ್ಲ ತಿಕೋಟಾಕ್ಕೆ ಹೋಗಿಬಂದ ನನಗೆ ಭಾನುವಾರವೂ ತಿಕೋಟಾ. ಗಾಣಕ್ಕೆ ಕಟ್ಟಿದ ಎತ್ತಿಗೆ ಯಾವ ದಾರಿಯಾದರೇನು?

ನಮ್ಮ ಕಳ್ಳ ಏರ್ಪಾಡು ಹೀಗಿತ್ತು. ಶನಿವಾರ ಸಂಜೆ ನಾನು ಮನೆಗೆ ಬಂದು ಮುಖ ತೊಳೆದು ಅವರ ಪುಸ್ತಕ ಹಿಡಿದು ಕೂರುವುದು. ಅದು ಕಾಲ ಎಂದರೇನು ಎಂಬ ಬಗ್ಗೆ ಇಂಗ್ಲಿಷಿನ ದಪ್ಪ ಗ್ರಂಥ, ಆಸ್ಪತ್ರೆಗೆ ಹೋಗುವ ಮೊದಲು ಅವರು ಮೂರನೆಯ ಅಧ್ಯಾಯದಲ್ಲಿದ್ದರು. ನಾನು ಕಾಮರ್ಸ್ ಓದಿದವಳು. ಒಂದು ವಾಕ್ಯ ಶುರುವಾದರೆ ಪುಟದ ಕೊನೆಗೂ ಪೂರ್ಣವಿರಾಮ ಸಿಗುತ್ತಿರಲಿಲ್ಲ. ನಾನು ಗಟ್ಟಿಯಾಗಿ ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು. ಮರುದಿನ ಶೆಡ್ಡಿನಲ್ಲಿ ಚನ್ನಬಸಪ್ಪ "ಸರ್, ಸದ್ಯದ್ದು ಏನ್ರಿ?" ಎಂದು ಕೇಳಿದಾಗ ಅವರು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಹೇಳತೊಡಗುತ್ತಿದ್ದರು. ನಾನು ಹಿಂದಿನ ದಿನ ತಡವರಿಸುತ್ತ ಓದಿದ್ದೇ ಅದು ಎಂದು ನನಗೇ ಗುರುತು ಸಿಗುತ್ತಿರಲಿಲ್ಲ. ನಿನ್ನೆ ಎಂಬುದು ಎಲ್ಲಿಗೆ ಹೋಗುತ್ತದೆ ಎಂದು ಅವರು ಕೇಳಿದರೆ ಮನೂಕ ಆರಿಸುವ ಹೆಂಗಸರೂ ಕೈ ನಿಲ್ಲಿಸಿ ನೋಡುತ್ತಿದ್ದರು. ನಾನು ತಂದ ಜರಡಿ ಹಿಡಿಯದ ಹಿಟ್ಟಿನಲ್ಲಿ ಅವರು ತೆಳ್ಳಗೆ ರೊಟ್ಟಿ ಬಡಿಯುತ್ತಿದ್ದರು. ಹೆಮ್ಮೆಯಾಗುತ್ತಿತ್ತು, ಇಲ್ಲವೆನ್ನುವುದಿಲ್ಲ. ಜೊತೆಗೇ ಸಿಟ್ಟೂ ಬರುತ್ತಿತ್ತು. ಯಾಕೆಂದರೆ ಆಮೇಲೆ ಎಲ್ಲರೂ ನನ್ನ ಕಡೆ ಕಪ್ಪು ಚಾಚುತ್ತಿದ್ದರು.

ಆ ಸೀಸನ್ನಿನಲ್ಲಿ ಅಶ್ವಿನಿಯ ಕೈಯಲ್ಲಿದ್ದದ್ದು ಒಬ್ಬ ಜಾಝ್ ವಾದಕನ ಜೀವನ ಚರಿತ್ರೆ. ಹೆಸರಾಂತವನಲ್ಲ. ಬಾಸ್ ಎಂಬ, ಆಳೆತ್ತರದ ಪಿಟೀಲಿನಂಥ ವಾದ್ಯವನ್ನು ವೇದಿಕೆಯ ಹಿಂದೆ ನಿಂತು ನುಡಿಸುತ್ತಿದ್ದವನು. ಊರೂರು ತಿರುಗಿದ, ರೈಲಿನಲ್ಲಿ ಆ ವಾದ್ಯಕ್ಕೂ ಒಂದು ಟಿಕೆಟ್ ತೆಗೆಸಿದ, ಯಾರ ಯಾರದೋ ಹೆಸರಿನ ರೆಕಾರ್ಡುಗಳಲ್ಲಿ ನುಡಿಸಿದ. ತುತೂರಿ ಊದುವವನಿಗೆ ಚಪ್ಪಾಳೆ, ಇವನಿಗೆ ಬೆನ್ನುನೋವು.

"ನಮ್ಮ ಭಜನಿಯೊಳಗ ದಮ್ಮಡಿ ಬಾರಿಸಾವ ಹಿಂದ ಕುಂತಿರತಾನಲ್ಲ, ಹಂಗ ಅನ್ರಿ," ಎಂದ ಚನ್ನಬಸಪ್ಪ.

"ಹಂಗ," ಎಂದರು ನಮ್ಮವರು. "ಅಂವ ಇದ್ದಾಗ ಕೇಳಸೂದಿಲ್ಲ. ಬಿಟ್ಟಾಗ ಗೊತ್ತಾಗತೈತಿ."

ನನಗೆ ಆ ಮನುಷ್ಯ ಬಹಳ ಹಿಡಿಸಿದ. ಭಾನುವಾರ ಬಂದರೆ ಅವನು ಯಾವ ಊರಿಗೆ ಹೋದ, ಯಾರ ಜೊತೆ ಜಗಳವಾಡಿದ ಎಂದು ತಿಳಿಯುವ ಆಸೆ. ಅವನ ಹೆಂಡತಿಯ ಬಗ್ಗೆ ಆ ಪುಸ್ತಕದಲ್ಲಿ ಏನಾದರೂ ಇದೆಯೇ ಎಂದು ಕೇಳಬೇಕೆಂದಿದ್ದೆ. ಚಹಾ ಹಾಕುವವರು ಪ್ರಶ್ನೆ ಕೇಳಬಾರದೆಂದು ನಿಯಮವೇನೂ ಇರಲಿಲ್ಲ. ಆದರೂ ಕೇಳಲಿಲ್ಲ.

ಮಾರ್ಚ್ ಬಂತು. ಬ್ಯಾಂಕಿನವರಿಗೆ ಮಾರ್ಚ್ ಎಂದರೆ ಏನೆಂದು ಬ್ಯಾಂಕಿನವರಿಗೇ ಗೊತ್ತು. ಅದರ ಮೇಲೆ ದ್ರಾಕ್ಷಿಯ ಸೀಸನ್ನು, ಕೌಂಟರಿನ ಮುಂದೆ ಉಸಿರಾಡಲು ಜಾಗವಿಲ್ಲ. ಬಿಸಿಲು ವಿಜಯಪುರದ ಕಲ್ಲನ್ನೂ ಸುಡುತ್ತಿತ್ತು. ಮನೆಗೆ ಬಂದರೆ ಅವರ ಗುಳಿಗೆ, ಅವರ ಕೈಯ ವ್ಯಾಯಾಮ, ರಾತ್ರಿಯ ಅಡಿಗೆ, ಆಮೇಲೆ ಕಾಲ ಎಂದರೇನು. ಒಂದು ಶನಿವಾರ ಓದುತ್ತ ಓದುತ್ತ ನನಗೆ ಸಾಕಾಗಿ ನಡುವೆ ಅರ್ಧ ಪುಟ ಹಾರಿಸಿದೆ. ಯಾರಿಗೆ ತಿಳಿಯುತ್ತದೆ?

"ನಡುವ ಬಿಟ್ಟಿ," ಎಂದರು ಕಣ್ಣು ಮುಚ್ಚಿಕೊಂಡೇ.

"ಬಿಟ್ಟಿಲ್ಲ."

"ಹಿಂದಿನ ಮಾತಿಗೂ ಇದಕ್ಕೂ ಗಂಟ ಬೀಳೂದಿಲ್ಲ. ಎಲ್ಲಿ ಬಿಟ್ಟಿ ನೋಡು."

ನಾನು ಪುಸ್ತಕ ಮುಚ್ಚಿ ಮೇಜಿನ ಮೇಲೆ ಇಟ್ಟೆ. ಇಟ್ಟೆ ಎನ್ನುವುದಕ್ಕಿಂತ ಒಗೆದೆ ಎನ್ನಬೇಕು. "ನನಗ ಇದರಾಗಿಂದು ಒಂದಕ್ಷರ ತಿಳೀಯೂದಿಲ್ರಿ. ಬೆಳಗಿನ ಐದಕ್ಕ ಎದ್ದೀನಿ. ಗಿಣಿ ಒದರಿದಂಗ ಒದರಾಕತ್ತೇನಿ, ಅದನ್ನೂ ತಿದ್ದತೀರಿ," ಎಂದೆ. ಅವರು ಎದ್ದು ಹೋಗಿ ಕಟ್ಟೆಯ ಮೇಲೆ ಕುಳಿತರು. ಆ ಶನಿವಾರ ಓದು ಅಲ್ಲಿಗೇ ನಿಂತಿತು. ನಾನು ಹೋಗಿ ಸಮಾಧಾನ ಮಾಡಬೇಕಿತ್ತೇನೋ. ಕಾಲು ಏಳಲಿಲ್ಲ.

ಮರುದಿನವೇ ಗುಟ್ಟು ಹೊರಬಿತ್ತು. ಅವರು ತಮ್ಮ ಸರದಿಯಲ್ಲಿ ಹೇಗೋ ಎರಡು ಮಾತು ಆಡಿ ದಾಟಿಸಿದ್ದರು. ಆಮೇಲೆ ಅಶ್ವಿನಿ ತನ್ನ ಪುಸ್ತಕ ತೆರೆದು, "ಸರ್, ಇಲ್ಲಿ ಒಂದ ಮಾತು ನನಗ ತಿಳೀವಲ್ದು. ಇದೊಂದು ಪ್ಯಾರಾ ಓದಿ ಹೇಳ್ರಿ," ಎಂದು ಅವರ ಕೈಗೆ ಕೊಟ್ಟಳು. ಎಂದಿನ ಹಾಗೆ, ಸಹಜವಾಗಿ. ಅವರು ತೆಗೆದುಕೊಂಡರು. ಪುಟದ ಮೇಲೆ ಕಣ್ಣಿಟ್ಟರು. ಆವತ್ತು ಹಾಲಿನವನ ಚೀಟಿಯನ್ನು ನೋಡಿದ ಹಾಗೆ ದೂರ, ಹತ್ತಿರ ಮಾಡಲಿಲ್ಲ, ಅಲುಗಾಡದೆ ಕುಳಿತರು. ನಾನು ಕೆಟಲ್ ಹಿಡಿದು ನಿಂತವಳು ನಿಂತೇ ಇದ್ದೆ. ಓದಿ ಹೇಳುತ್ತೇನೆಂದು ಆ ಪುಸ್ತಕ ಕಸಿದುಕೊಳ್ಳಲೇ ಎನಿಸಿತು.

"ಚಷ್ಮಾ ತಂದಿಲ್ಲವ್ವಾ," ಎಂದರು.

ಚಷ್ಮಾ ಅವರ ಮೂಗಿನ ಮೇಲೇ ಇತ್ತು.

ಅಶ್ವಿನಿ ಡಾಕ್ಟರು, ಅವಳಿಗೆ ಕೂಡಲೇ ತಿಳಿದಿರಬೇಕು. ಮುಖ ಕೆಳಗೆ ಹಾಕಿ ಪುಸ್ತಕ ತಿರುಗಿ ತೆಗೆದುಕೊಂಡಳು. ಚನ್ನಬಸಪ್ಪ ಮಾತು ಬದಲಿಸಿ ಈ ಸಲದ ಮನೂಕದ ಬಣ್ಣದ ಬಗ್ಗೆ ಹೇಳತೊಡಗಿದ. ದಾರಿಯುದ್ದಕ್ಕೂ ನಮ್ಮವರು ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಗೆಳೆಯರಿಬ್ಬರಿಗೂ ಗೊತ್ತಾಗಿದೆಯೆಂದು ಇವರಿಗೂ ಗೊತ್ತು, ನನಗೂ ಗೊತ್ತು. ಬಾಯಿ ಬಿಟ್ಟು ಹೇಳುವವರು ಯಾರು?

ಮುಂದಿನ ಭಾನುವಾರ ನಮ್ಮವರು ಬರಲೊಲ್ಲೆ ಎಂದರು. ಅಶ್ವಿನಿ ಮನೆಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದಳು. ದಾಕ್ಷಿಣ್ಯಕ್ಕೆ ಹೊರಟರು. ಪುಸ್ತಕ ತೆಗೆದುಕೊಳ್ಳಲಿಲ್ಲ. ಶೆಡ್ಡಿನಲ್ಲಿ ಕುಳಿತ ಮೇಲೆ ಯಾರು ಮೊದಲು ಬಾಯಿ ತೆರೆಯಬೇಕು ಎಂಬುದೇ ಒಂದು ಸಮಸ್ಯೆ. ಕೊನೆಗೆ ಚನ್ನಬಸಪ್ಪ ಕೈ ಮುಗಿದು, "ಈ ವಾರ ನಂದೇನೂ ಇಲ್ರಿ ಸರ್. ಸೀಸನ್ ಐತಿ, ಪುಸ್ತಕ ಮುಟ್ಟಾಕ ಟೈಮ್ ಎಲ್ಲೈತಿ? ಚಾ ನಾನ ಹಾಕತೀನಿ," ಎಂದ.

"ನಾನೂ ಏನೂ ಓದಿಲ್ರಿ," ಎಂದಳು ಅಶ್ವಿನಿ ಗಡಿಬಿಡಿಯಿಂದ. "ಕ್ಲಿನಿಕ್ಕಿಗೆ ಭಾಳ ಮಂದಿ ಬರಾಕತ್ತಾರ. ಚಾ ನಾ ಹಾಕತೀನಿ, ಬಿಡ್ರಿ ಅಣ್ಣಾರ."

ಇಬ್ಬರೂ ಕೆಟಲಿಗೆ ಕೈ ಹಾಕಿದರು. ಅದು ನನ್ನ ಕೈಯಲ್ಲಿತ್ತು. ನಾವು ಮೂವರು ಒಂದು ಕೆಟಲಿಗಾಗಿ ಎಳೆದಾಡಿದೆವು, ಚಹಾ ಚನ್ನಬಸಪ್ಪನ ಧೋತರದ ಮೇಲೆ ಚೆಲ್ಲಿತು. ನಮ್ಮವರು ನಕ್ಕರು. ಬಹಳ ದಿನದ ಮೇಲೆ ನಕ್ಕದ್ದು ಎಂದು ನಾನೂ ನಕ್ಕೆ. ಇವರು ನಮ್ಮವರ ಮರ್ಯಾದೆಗಾಗಿ ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ತಿಳಿಯದೆ ಇರಲಿಲ್ಲ. ನಮ್ಮ ಕಡೆಯ ಜನ ಹೀಗೆಯೇ. ಊಟದ ಪಂಕ್ತಿಯಲ್ಲಿ ಒಬ್ಬನಿಗೆ ಪಥ್ಯವಿದ್ದರೆ ಅವನಿಗೆ ಬೇಸರವಾಗಬಾರದೆಂದು ನಾಲ್ಕು ಜನ ಹೋಳಿಗೆ ಬೇಡವೆನ್ನುತ್ತಾರೆ. ಆ ದಿನ ಹಡಗುಗಳಿಲ್ಲ, ಬಾಸ್ ನುಡಿಸುವವನಿಲ್ಲ, ಕಾಲವೂ ಇಲ್ಲ. ಬಿಸಿಲು, ನೆಗಡಿ, ರಸ್ತೆಯ ತಗ್ಗು ಇವುಗಳ ಬಗ್ಗೆ ಮಾತಾಡಿ ಎದ್ದೆವು.

ಅದರ ಮುಂದಿನ ಭಾನುವಾರವೂ ಅದೇ. "ಏನೂ ಇಲ್ರಿ ಸರ್." "ನಂದೂ ಏನೂ ಇಲ್ರಿ." ನನಗೆ ಒಳಗೊಳಗೆ ಹಗುರವಾಯಿತು. ಶನಿವಾರ ಓದಬೇಕಿಲ್ಲ, ಹೇಳಬೇಕಿಲ್ಲ, ಬೆವರಬೇಕಿಲ್ಲ. ಆದರೆ ನಮ್ಮವರು ಮನೆಯಲ್ಲಿ ದಿನದಿನಕ್ಕೆ ಕಡಿಮೆ ಮಾತಾಡತೊಡಗಿದರು. ಕಪಾಟಿನ ಮುಂದೆ ಕುರ್ಚಿ ಹಾಕಿಕೊಂಡು ಪುಸ್ತಕಗಳ ಬೆನ್ನು ನೋಡುತ್ತ ಕೂರುವರು. ಬಣ್ಣ, ದಪ್ಪ ನೋಡಿ ಇದು ಇಂಥದ್ದೆಂದು ಗುರುತು ಹಿಡಿದು ನನ್ನನ್ನು ಕೇಳುವರು. ಹೌದು ಎಂದರೆ ಮುಂದಿನದಕ್ಕೆ ಹೋಗುವರು. ನನಗೆ ಅಡಿಗೆಮನೆಯಲ್ಲಿ ಅಳು ಬರುತ್ತಿತ್ತು. ಅಳುವುದಕ್ಕೂ ಶಕ್ತಿ ಬೇಕು ಎಂದು ಆ ದಿನಗಳಲ್ಲಿ ನನಗೆ ತಿಳಿಯಿತು.

ಏಪ್ರಿಲ್ಲಿನ ಒಂದು ಭಾನುವಾರ ಮಧ್ಯಾಹ್ನ ಪಡುವಣದಲ್ಲಿ ಮೋಡ ಏರಿತು. ನಾವು ಶೆಡ್ಡಿನಲ್ಲಿ ಸುಮ್ಮನೆ ಕುಳಿತಿದ್ದೆವು. ಮನೂಕ ಒಣಗುವಾಗ ಮಳೆ ಎಂದರೆ ಕೇಳಬೇಡಿ, ನೀರು ತಾಗಿದ್ದು ಕಪ್ಪಾಗುತ್ತದೆ, ಹುಳಿಯುತ್ತದೆ. ಗುಡುಗು ಕೇಳಿದ್ದೇ ತಡ ಚನ್ನಬಸಪ್ಪ ಧೋತರ ಎತ್ತಿ ಕಟ್ಟಿದ. ಆಳುಗಳು ಶೆಡ್ಡಿನ ಸುತ್ತ ತಾಡಪತ್ರಿ, ಅಂದರೆ ಟಾರ್ಪಾಲು, ಇಳಿಬಿಡತೊಡಗಿದರು. ಅಶ್ವಿನಿಯೂ ನಾನೂ ಹಗ್ಗ ಹಿಡಿದೆವು. "ಸರ್, ನೀವು ಕಾರಿನ್ಯಾಗ ಕುಂದರ್ರಿ, ತೋಯಿಸ್ಕೋಬ್ಯಾಡ್ರಿ," ಎಂದು ಅವಳು ಕೂಗಿದಳು. ಅವರು ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತರು. ಗಾಳಿ ತಾಡಪತ್ರಿಯನ್ನು ಕೈಯಿಂದ ಕಸಿಯುತ್ತಿತ್ತು. ಮಳೆ ಬಂದದ್ದು ಸ್ವಲ್ಪ, ಹೆದರಿಸಿದ್ದು ಬಹಳ. ಅರ್ಧ ತಾಸಿನಲ್ಲಿ ಮೋಡ ವಿಜಯಪುರದ ಕಡೆ ಸರಿದುಹೋಯಿತು. ಸರಕು ಉಳಿಯಿತು. ನಾವು ತೋಯ್ದು, ಕೈ ಕೆಂಪಾಗಿ, ಒಳಗೆ ಬಂದು ಕುಳಿತೆವು.

ನಮ್ಮವರು ಕಾರಿನಿಂದ ಇಳಿದು ಬಂದರು. ಕೈಯಲ್ಲಿ ಅಶ್ವಿನಿಯ ಪುಸ್ತಕ. ಸೀಟಿನ ಮೇಲೆ ಮರೆತು ಬಿಟ್ಟಿದ್ದಳು. ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಗುರುತಿಗೆ ಇಟ್ಟ ಕಾಗದದ ಪಟ್ಟಿ ಹೊರಗೆ ಇಣುಕುತ್ತಿತ್ತು.

"ಡಾಕ್ಟರವ್ವಾ, ಆವತ್ತು ನನ್ನ ಕೈಗೆ ಕೊಟ್ಟಾಗ ಈ ಪಟ್ಟಿ ನಟ್ಟ ನಡುವ ಇತ್ತು. ಈಗ ಹತ್ತಿಪ್ಪತ್ತು ಹಾಳಿ ಅಷ್ಟ ಉಳದಾವ. ಯಾರ ಓದಿದ್ರು ಇದನ್ನ? ಕಾರ್ ಓದಿತೇನು?"

ಅಶ್ವಿನಿ ಒದ್ದೆ ಸೆರಗನ್ನು ಹಿಂಡತೊಡಗಿದಳು.

"ಚನ್ನಬಸೂ, ನೀನೂ ಹೇಳು. ನೀ ಹಡಗ ಹತ್ತಿಲ್ಲೇನ ಇಷ್ಟ ದಿನಾ?"

"ಹತ್ತೀನ್ರಿ ಸರ್," ಎಂದ ಚನ್ನಬಸಪ್ಪ, ಸಿಕ್ಕಿಬಿದ್ದ ಹುಡುಗನಂತೆ. "ಎರಡ ಹಡಗ ಮುಳುಗ್ಯಾವ."

ಯಾರೂ ನಗಲಿಲ್ಲ. ನಮ್ಮವರು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. "ನನಗ ಓದಾಕ ಬರೂದಿಲ್ಲ," ಎಂದರು. "ಹೋಗೈತಿ. ಅಕ್ಷರ ಕಾಣತಾವ, ಮಾತಾಡೂದಿಲ್ಲ. ಇಷ್ಟ ದಿನಾ ಈಕಿ ಓದಿ ಹೇಳಿದ್ದನ್ನ ನಾ ನಿಮ್ಮ ಮುಂದ ಹೇಳಾಕತ್ತಿದ್ನಿ. ನಂದು ತಪ್ಪು ಅನ್ರಿ, ಸುಳ್ಳು ಅನ್ರಿ. ಆದ್ರ ನನ್ನ ಸಲುವಾಗಿ ನೀವ್ಯಾಕ ಬಾಯಿ ಮುಚ್ಚಿದ್ರಿ? ವಾರ ಪೂರ್ತಿ ನಾ ಒಂದ ದಿನಾ ಕಾಯತೀನಿ. ಬಂದು ನೋಡಿದ್ರ ರಸ್ತೇದ ತಗ್ಗ, ನೆಗಡಿ! ಓದು ನನಗ ಹೋಗೈತಿ, ನಿಮಗ ಹೋಗಿಲ್ಲಲ್ಲ."

ಅವರ ಧ್ವನಿ ಒಡೆಯಿತು. ಮದುವೆಯಾದ ಮೇಲೆ ನಾಲ್ಕು ಜನರ ಮುಂದೆ ಅವರ ಧ್ವನಿ ಒಡೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಚನ್ನಬಸಪ್ಪ ಎದ್ದು ಅವರನ್ನು ಹೆಗಲು ಹಿಡಿದು ಕೂರಿಸಿದ. "ನಮ್ಮ ಅಮ್ಮಗ ಒಂದಕ್ಷರ ಬರ್ತಿರಲಿಲ್ರಿ ಸರ್. ಶ್ರಾವಣದಾಗ ಗುಡಿಯೊಳಗ ಪುರಾಣ ಹಚ್ಚತಿದ್ರು. ಒಂದ ದಿನಾ ತಪ್ಪಸ್ತಿರಲಿಲ್ಲ. ಮನಿಗೆ ಬಂದು ಅದನ್ನೆಲ್ಲಾ ನಮಗ ಹೇಳಾಕಿ. ಆಕಿ ಪುರಾಣ ಓದ್ಯಾಳೋ ಇಲ್ಲೋ? ಪುರಾಣದಾಗಿನ ಸಮುದ್ರದ ಕಥಿ ಹೇಳಿ ನನಗ ಹಡಗಿನ ಹುಚ್ಚ ಹಿಡಿಸಿದ್ದ ಆಕಿ," ಎಂದ.

"ಅದು ಬ್ಯಾರೆ," ಎಂದರು ನಮ್ಮವರು.

"ಏನ್ ಬ್ಯಾರೆ ಹೇಳ್ರಿ ಮತ್ತ."

ಅವರು ಆ ಪುಸ್ತಕವನ್ನು ತಿರುಗಿ ಅಶ್ವಿನಿಯ ಕೈಗೆ ಕೊಟ್ಟರು. "ಆ ಬಾಸ್ ನುಡಸಾವ ಏನಾದ?" ಎಂದು ಕೇಳಿದರು.

ಅಶ್ವಿನಿ ಕಣ್ಣು ಒರೆಸಿಕೊಂಡು ಕುರ್ಚಿ ಹತ್ತಿರ ಎಳೆದಳು. ಪುಸ್ತಕ ತೆರೆಯುವ ಮೊದಲು ಯಾಕೋ ನನ್ನ ಕಡೆ ನೋಡಿದಳು. "ಅಕ್ಕಾರ, ಇಷ್ಟ ದಿನಾ ಸರ್‌ಗೆ ಓದಿ ಹೇಳಿದವರು ನೀವು. ಮೊದಲ ನಿಮ್ಮನ್ನ ಕೇಳಬೇಕು. ನಿಮ್ಮದು ಸದ್ಯದ್ದು ಏನ್ರಿ?"

ಎಲ್ಲರೂ ನನ್ನನ್ನು ನೋಡಿದರು. ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆ ನನ್ನ ಕಡೆ ಬಂದಿರಲಿಲ್ಲ. ಬಂದರೆ ಹೇಗೆಲ್ಲ ಹೇಳಬೇಕು ಎಂದು ಚಹಾ ಸೋಸುವಾಗ ನಾನು ಎಷ್ಟೋ ಸಲ ಯೋಚಿಸಿದ್ದುಂಟು. ಆದರೆ ಆಗ ಬಾಯಿಗೆ ಬಂದದ್ದು ಬೇರೆ.

"ನಂದೇನೂ ಇಲ್ಲವ್ವಾ," ಎಂದೆ. "ನನಗ ಸಾಕಾಗೈತಿ. ಕಾಲ ಅಂದ್ರ ಏನಂತ ನನಗ ತಿಳ್ಕೋಳೂದು ಬ್ಯಾಡ. ನನಗ ಬೇಕಾದದ್ದು ಒಂದ ಸಣ್ಣ ನಿದ್ದಿ. ಇವರಿಗೆ ಇನ್ನ ಮ್ಯಾಲ ನೀವ ಓದ್ರಿ. ಸರದಿ ಹಚ್ಕೋರಿ, ಏನರ ಮಾಡ್ರಿ. ನಾ ಒಂದಿಷ್ಟು ಅಡ್ಡಾಗತೀನಿ."

ಹೇಳಿದ ಮೇಲೆ ಹೆದರಿಕೆಯಾಯಿತು. ಅವರ ಮುಖ ನೋಡಿದೆ. ಬೇಸರವಿರಲಿಲ್ಲ, ಆಶ್ಚರ್ಯವಿತ್ತು.

"ಇಷ್ಟ ದಣದೀ ಅಂತ ಮೊದಲ ಹೇಳಬಾರದೇನ?" ಎಂದರು ಮೆಲ್ಲಗೆ.

"ನೀವು ಕೇಳಿದ್ರೇನು?"

ಅವರು ತಲೆ ತಗ್ಗಿಸಿದರು. "ಇಲ್ಲ," ಎಂದರು. "ಕೇಳಲಿಲ್ಲ."

ಚನ್ನಬಸಪ್ಪ ತೋಯದೆ ಉಳಿದ ತಾಡಪತ್ರಿಯೊಂದನ್ನು ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಗಳ ಪಕ್ಕಕ್ಕೆ ಹಾಸಿದ. ತಲೆಗೆ ಖಾಲಿ ಚೀಲ ಕೊಟ್ಟ. ಗಂಡಸರು ಇರುವಲ್ಲಿ ಕಾಲು ಚಾಚಿ ಮಲಗುವುದೇ ಎಂದು ಬೇರೆ ದಿನವಾದರೆ ಹಿಂಜರಿಯುತ್ತಿದ್ದೆ. ಆ ದಿನ ಹಿಂಜರಿಯಲಿಲ್ಲ. ಅಶ್ವಿನಿ ಓದತೊಡಗಿದ್ದು ಕೇಳಿಸಿತು. ಆ ವಾದಕನಿಗೆ ವಯಸ್ಸಾಗಿತ್ತು, ಯಾರೋ ದೊಡ್ಡವರು ಕೊನೆಯದೊಂದು ಸಂಗೀತ ಕಛೇರಿಗೆ ಕರೆದಿದ್ದರು, ಅಷ್ಟರ ತನಕ ನೆನಪಿದೆ.

ಎಚ್ಚರವಾದಾಗ ಬಿಸಿಲು ಇಳಿಮುಖವಾಗಿತ್ತು. ಅಶ್ವಿನಿ ಇನ್ನೂ ಬಬಲೇಶ್ವರಕ್ಕೆ ಹೋಗಿರಲಿಲ್ಲ. ಮೂವರಲ್ಲಿ ಜೋರು ಮಾತು ನಡೆದಿತ್ತು. ಬಾಸ್ ನುಡಿಸುವವನು ಆ ಕಛೇರಿಗೆ ಹೋಗಬಾರದಿತ್ತು ಎನ್ನುತ್ತಿದ್ದ ಚನ್ನಬಸಪ್ಪ, ಕರೆದವರು ಅವನಿಗೆ ಯಾವತ್ತೂ ಹೆಸರು ಕೊಡಲಿಲ್ಲವಲ್ಲ. ನಮ್ಮವರು ಕ್ಲಾಸಿನಲ್ಲಿ ಕೂಗುವ ಹಾಗೆ ಕೂಗುತ್ತಿದ್ದರು. "ಲೇ ಚನ್ನಬಸೂ, ನೀ ಪುಸ್ತಕ ಬರೋಬ್ಬರಿ ಕೇಳಿಲ್ಲ. ಅಂವ ಹೆಸರಿಗೆ ಹೋಗಾಕತ್ತಿಲ್ಲ. ಆಕಿ ಓದಿದ್ದು ಕೇಳಿದಿಲ್ಲೋ, ನುಡಸದ ಇರಾಕ ಕೈ ತಡೀಲಾರದಕ್ಕ ಹೋಗಾಕತ್ತಾನ." ತಿಂಗಳುಗಳ ಮೇಲೆ ಅವರ ಆ ದನಿ ಕೇಳಿದೆ. ಯಾರೂ ಹೇಳಿಕೊಟ್ಟದ್ದಲ್ಲ ಅದು, ಅವರದೇ.

ನಾನು ಮಗ್ಗುಲಾಗಿ, "ಇನ್ನ ಮುಗದಿಲ್ಲೇನ್ರಿ?" ಎಂದೆ.

ಅವರು ನನ್ನ ಕಡೆ ತಿರುಗಿದರು, ದನಿ ತಗ್ಗಿಸಿದರು.

"ನೀ ಮಲಗು," ಎಂದರು. "ಇನ್ನೂ ಭಾಳ ಐತಿ."